ದ್ವೀಪ ಮುಳುಗಿದರೆ ಅದರ ಕಡಲು ಯಾರ ಪಾಲು?

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಮಲ್ಪೆಯಲ್ಲಿ. ಅಪ್ಪನದು ಪರ್ಸೀನ್ ಬೋಟು, ಅಂದರೆ ಮೀನಿನ ಹಿಂಡಿನ ಸುತ್ತ ಬಲೆ ಬಿಡುವ ಬೋಟು ಇತ್ತು. ಈಗ ಆಕ್ಲೆಂಡ್‌ನಲ್ಲಿ ನರ್ಸ್ ಆಗಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಗೆಳತಿ ಪೆಸಿಫಿಕ್ ಸಾಗರದ ತುವಾಲು ದೇಶದವಳು. ಅವಳ ಅಪ್ಪ, ಅಮ್ಮ, ತಮ್ಮ ಇನ್ನೂ ಅಲ್ಲಿನ ರಾಜಧಾನಿ ಫುನಾಫುಟಿಯಲ್ಲೇ ಇದ್ದಾರೆ. "ನಮ್ಮ ದೇಶ ನಡೆಯುವುದೇ ಮೀನಿನ ಲೈಸೆನ್ಸ್ ದುಡ್ಡಿನಿಂದ. ನೆಲ ಮುಳುಗಿದ ದಿನ ಕಡಲೂ ಹೋಗುತ್ತದೆ, ದೊಡ್ಡ ದೇಶಗಳ ಹಡಗು ಬಂದು ಎಲ್ಲ ಬಾಚಿಕೊಳ್ಳುತ್ತವೆ" ಅಂತ ಅವಳು ಹೇಳುತ್ತಾಳೆ. ಇದು ನಿಜವೇ? ಮರಳು, ಕಾಂಕ್ರೀಟು ಸುರಿದು ದ್ವೀಪ ಉಳಿಸಿಕೊಂಡರೆ ಸಾಕಾಗುವುದಿಲ್ಲವೇ? ಅಂತರರಾಷ್ಟ್ರೀಯ ಕೋರ್ಟ್ ಏನೋ ಹೇಳಿದೆಯಂತೆ, ಅದಕ್ಕೆ ಬೆಲೆ ಇದೆಯೇ? ಅವಳ ತಮ್ಮ ಆಸ್ಟ್ರೇಲಿಯಾ ವೀಸಾದ ಲಾಟರಿಗೆ ಹೆಸರು ಕೊಡಲೋ ಬೇಡವೋ ಎಂದು ಒದ್ದಾಡುತ್ತಿದ್ದಾನೆ. "ಎಲ್ಲರೂ ಹೊರಟರೆ ದೇಶವೇ ಇರುವುದಿಲ್ಲ" ಎಂದು ಅಪ್ಪ ಬೈಯುತ್ತಾರಂತೆ. ಅವಳಿಗೆ ನಾನು ಏನು ಹೇಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇದರಲ್ಲಿ ಮೂರು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನೆಲ ಹೋಗುವ ಭಯ, ಕಡಲು ಹೋಗುವ ಭಯ, ದೇಶವೇ ಹೋಗುವ ಭಯ. ಮನೆಯಲ್ಲಿ ಕೂತು ಯೋಚಿಸುವಾಗ ಮೂರೂ ಒಂದೇ ಅನಿಸುತ್ತವೆ. ಕಾನೂನಿನಲ್ಲಿ ಮೂರೂ ಬೇರೆ. ಕಡಲ ಗಡಿಗಳ ಕಡತ ನೋಡುವುದೇ ನನ್ನ ಕೆಲಸ. ಹಾಗಾಗಿ ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ನೆಲ ಕುಗ್ಗಿದರೆ ಕಡಲೂ ಕೈತಪ್ಪುತ್ತದೆ ಎಂಬ ಮಾತಿನಲ್ಲಿ ಹದಿನೈದು ವರ್ಷದ ಹಿಂದೆ ಬಹಳ ಹುರುಳಿತ್ತು. ಇವತ್ತು ಅಷ್ಟಿಲ್ಲ. ಆದರೆ ನಿಮ್ಮ ಗೆಳತಿ ಎಣಿಸದ ಬೇರೆ ಎರಡು ಅಪಾಯಗಳಿವೆ, ಅವನ್ನೂ ಹೇಳುತ್ತೇನೆ.

ಮೊದಲು ಆ ಭಯ ಎಲ್ಲಿಂದ ಬಂತು ಎಂದು ನೋಡೋಣ. ತುವಾಲುವಿನ ಒಟ್ಟು ನೆಲ ಸುಮಾರು 26 ಚದರ ಕಿಲೋಮೀಟರ್. ಜನ ಸುಮಾರು 11,000. ಆದರೆ ಅದರ ವಿಶೇಷ ಆರ್ಥಿಕ ವಲಯ, ಅಂದರೆ ಮೀನು ಮತ್ತು ಕಡಲ ತಳದ ಸಂಪತ್ತಿನ ಮೇಲೆ ಅದಕ್ಕೆ ಹಕ್ಕಿರುವ ನೀರು, 7 ಲಕ್ಷ ಚದರ ಕಿಲೋಮೀಟರಿಗೂ ಜಾಸ್ತಿ. ಮೂರೂವರೆ ಕರ್ನಾಟಕದಷ್ಟು. ಇಷ್ಟು ಚಿಕ್ಕ ನೆಲಕ್ಕೆ ಇಷ್ಟು ದೊಡ್ಡ ನೀರು ಹೇಗೆ ಬಂತು?

ಕಡಲ ಕಾನೂನಿನಲ್ಲಿ ಎಲ್ಲ ಅಳತೆಯೂ ನೆಲದಿಂದ ಶುರುವಾಗುತ್ತದೆ. ಇಳಿತದ ಹೊತ್ತಿಗೆ ನೀರು ಎಲ್ಲಿಯವರೆಗೆ ಹಿಂದೆ ಸರಿಯುತ್ತದೋ ಆ ಗೆರೆಗೆ ತಳರೇಖೆ ಎನ್ನುತ್ತಾರೆ. ಮಲ್ಪೆಯವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೀಚಿನಲ್ಲಿ ದಿನಾ ನೋಡಿದ ಗೆರೆಯೇ ಅದು. ಅಲ್ಲಿಂದ 12 ನಾಟಿಕಲ್ ಮೈಲಿ ದೇಶದ ಸ್ವಂತ ಸಮುದ್ರ. 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗೆ ವಿಶೇಷ ಆರ್ಥಿಕ ವಲಯ. ತುವಾಲುವಿನಂಥ ಹವಳದ ದ್ವೀಪಗಳಲ್ಲಿ ಮರಳಿನ ದಡದ ಬದಲು ಹವಳದಿಬ್ಬದ ಹೊರಗಿನ ಅಂಚನ್ನೇ ತಳರೇಖೆ ಎಂದು ಹಿಡಿಯಬಹುದು. ಸುತ್ತ ಬೇರೆ ನೆಲವಿಲ್ಲದ ಒಂಟಿ ದ್ವೀಪವೊಂದಕ್ಕೆ ಈ ಲೆಕ್ಕದಲ್ಲಿ ಸುಮಾರು 4.3 ಲಕ್ಷ ಚದರ ಕಿಲೋಮೀಟರ್ ನೀರು ದಕ್ಕುತ್ತದೆ.

ಇನ್ನೊಂದು ನಿಯಮವಿದೆ, ಚಿಕ್ಕ ದೇಶಗಳ ನಿದ್ದೆಗೆಡಿಸಿದ್ದು ಅದೇ. ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದದ 121ನೇ ವಿಧಿಯ ಪ್ರಕಾರ, ಜನ ವಾಸ ಮಾಡಲಾಗದ, ತನ್ನದೇ ಆರ್ಥಿಕ ಜೀವನ ನಡೆಸಲಾಗದ ಬಂಡೆಗೆ ವಿಶೇಷ ಆರ್ಥಿಕ ವಲಯ ಸಿಗುವುದಿಲ್ಲ. 12 ಮೈಲಿಯ ಸಮುದ್ರ ಮಾತ್ರ. ಅಂದರೆ 4.3 ಲಕ್ಷದ ಬದಲು ಸುಮಾರು 1,550 ಚದರ ಕಿಲೋಮೀಟರ್. ಇಳಿತದಲ್ಲೂ ನೀರಿನಿಂದ ಮೇಲೆ ಬಾರದ ನೆಲಕ್ಕೆ ಅದೂ ಇಲ್ಲ. ತಳರೇಖೆ ದಡದ ಜೊತೆ ಹಿಂದೆ ಸರಿಯುತ್ತದೆ ಎಂದು ಹಿಡಿದರೆ, ದ್ವೀಪ ಸವೆದಂತೆಲ್ಲ ಕಡಲೂ ಸವೆಯುತ್ತದೆ. ಕೈಬಿಟ್ಟ ನೀರು ತೆರೆದ ಸಮುದ್ರವಾಗುತ್ತದೆ. ಅಲ್ಲಿ ಯಾವ ದೇಶದ ಹಡಗು ಬೇಕಾದರೂ ಮೀನು ಹಿಡಿಯಬಹುದು. ನಿಮ್ಮ ಗೆಳತಿ ಹೇಳಿದ್ದು ಇದನ್ನೇ. ಅವಳು ಸುಮ್ನೆ ಹೆದರಿಕೊಂಡಿಲ್ಲ. ಒಪ್ಪಂದಕ್ಕೆ ಇದೇ ಅರ್ಥ ಎಂದು ಎಷ್ಟೋ ವಿದ್ವಾಂಸರು ದಶಕಗಟ್ಟಲೆ ಪಾಠ ಮಾಡಿದ್ದಾರೆ.

ಇದಕ್ಕೆ ಚಿಕ್ಕ ದೇಶಗಳು ಹುಡುಕಿದ ದಾರಿ ನನಗೆ ಬಹಳ ಮೆಚ್ಚುಗೆಯಾದದ್ದು. ಒಪ್ಪಂದವನ್ನು ಬರೆದದ್ದು 1982ರಲ್ಲಿ, ಜಾರಿಗೆ ಬಂದದ್ದು 1994ರಲ್ಲಿ. ಕಡಲು ಏರುತ್ತದೆ ಎಂದು ಅದನ್ನು ಬರೆದವರು ಎಣಿಸಿರಲಿಲ್ಲ. ಈಗ ಅದನ್ನು ತಿದ್ದಲು ಹೋದರೆ ಎಲ್ಲ ದೇಶಗಳೂ ಒಂದೊಂದು ಬೇಡಿಕೆ ಹಿಡಿದು ಬರುತ್ತವೆ, ಇರುವುದೂ ಹೋಗಬಹುದು. ಹಾಗಾಗಿ ಅವರು ಒಪ್ಪಂದದ ಒಂದಕ್ಷರವನ್ನೂ ಮುಟ್ಟಲಿಲ್ಲ. ಬದಲಿಗೆ ಅದನ್ನು ಮತ್ತೆ ಸರಿಯಾಗಿ ಓದಿದರು. ಗಡಿಯ ನಕ್ಷೆ ಅಥವಾ ಅಕ್ಷಾಂಶ-ರೇಖಾಂಶಗಳ ಪಟ್ಟಿಯನ್ನು ವಿಶ್ವಸಂಸ್ಥೆಗೆ ಒಪ್ಪಿಸಬೇಕು ಎಂದು ಅದರಲ್ಲಿದೆ. ಒಪ್ಪಿಸಿದ ಮೇಲೆ ಆಗಾಗ ತಿದ್ದುತ್ತಿರಬೇಕು ಎಂದು ಎಲ್ಲೂ ಇಲ್ಲ! ಮನೆ ಜಾಗದ ಸರ್ವೆ ಕಲ್ಲು ಇದ್ದ ಹಾಗೆ. ಒಮ್ಮೆ ನೆಟ್ಟು, ದಾಖಲೆಗೆ ಸೇರಿಸಿದ ಮೇಲೆ ಹೊಳೆ ದಡ ಕೊರೆಯಿತೆಂದು ಕಲ್ಲನ್ನು ಕಿತ್ತು ಹಿಂದೆ ನೆಡಬೇಕಿಲ್ಲ.

2021ರ ಆಗಸ್ಟ್‌ನಲ್ಲಿ ಆ ಭಾಗದ ದೇಶಗಳ ಕೂಟವಾದ ಪೆಸಿಫಿಕ್ ದ್ವೀಪಗಳ ಫೋರಂ ಇದನ್ನು ಬಹಿರಂಗವಾಗಿ ಘೋಷಿಸಿತು. ನಮ್ಮ ಗಡಿಗಳನ್ನು ವಿಶ್ವಸಂಸ್ಥೆಗೆ ತಿಳಿಸಿದ್ದೇವೆ, ಇನ್ನು ಕಡಲು ಏರಿತೆಂದು ಅವನ್ನು ಕುಗ್ಗಿಸುವುದಿಲ್ಲ ಎಂದಿತು. ಬೇರೆ ಚಿಕ್ಕ ದ್ವೀಪ ದೇಶಗಳೂ ದನಿಗೂಡಿಸಿದವು. ಆಮೇಲೆ ವಿಷಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಬಂತು. ಅದರ ಬೀಜ ಬಿದ್ದದ್ದು 2019ರಲ್ಲಿ, ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳಿಂದ. ವನುವಾಟು ದೇಶ ಅದನ್ನು ಹೊತ್ತು ನಡೆಯಿತು. 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನ್ಯಾಯಾಲಯದ ಅಭಿಪ್ರಾಯ ಕೇಳಿತು. 2025ರ ಜುಲೈ 23ರಂದು ನ್ಯಾಯಾಲಯ ಒಮ್ಮತದ ಅಭಿಪ್ರಾಯ ಕೊಟ್ಟಿತು. ಅದರ ಹೆಚ್ಚಿನ ಭಾಗ ಹವಾಮಾನದ ಬಗ್ಗೆ ದೇಶಗಳ ಹೊಣೆಯದ್ದು. ನಿಮಗೆ ಬೇಕಾದ ಸಾಲುಗಳು ಎರಡು. ಒಂದು, ಸರಿಯಾಗಿ ಗುರುತಿಸಿದ ಗಡಿಯ ನಕ್ಷೆಯನ್ನು ಕಡಲೇರಿಕೆಯ ಕಾರಣಕ್ಕೆ ತಿದ್ದಬೇಕಾಗಿಲ್ಲ. ಎರಡು, ಒಮ್ಮೆ ದೇಶವಾಗಿ ನಿಂತ ಮೇಲೆ, ಅದಕ್ಕೆ ಬೇಕಾದ ಅಂಶಗಳಲ್ಲಿ ಒಂದು ಇಲ್ಲವಾದರೂ ದೇಶ ಇಲ್ಲವಾಯಿತು ಎಂದೇನೂ ಆಗಬೇಕಿಲ್ಲ.

"ಅದಕ್ಕೆ ಬೆಲೆ ಇದೆಯೇ" ಎಂದು ಕೇಳಿದ್ದೀರಿ. ಇದು ಸಲಹಾ ಅಭಿಪ್ರಾಯ. ತೀರ್ಪಿನ ಹಾಗೆ ಯಾರನ್ನೂ ನೇರವಾಗಿ ಕಟ್ಟಿಹಾಕುವುದಿಲ್ಲ. ಅಮೆರಿಕ ಕಡಲ ಕಾನೂನು ಒಪ್ಪಂದಕ್ಕೆ ಸೇರಿಯೇ ಇಲ್ಲ. ಆದರೂ ಇದನ್ನು ಬರೀ ಕಾಗದ ಎಂದುಕೊಳ್ಳಬೇಡಿ. ಒಪ್ಪಂದವಂತೂ ಸಹಿ ಹಾಕಿದವರನ್ನು ಕಟ್ಟಿಹಾಕುತ್ತದೆ. ಅದರ ಅರ್ಥ ಇದು ಎಂದು ಜಗತ್ತಿನ ಅತಿ ದೊಡ್ಡ ನ್ಯಾಯಾಲಯ ಹೇಳಿದ ಮೇಲೆ, ನಾಳೆ ಯಾವುದೇ ಕೋರ್ಟಿನಲ್ಲಿ ಎದುರು ವಾದ ಹೂಡುವವರಿಗೆ ಬೆಟ್ಟ ಹತ್ತಿದಷ್ಟು ಕಷ್ಟ. ದೊಡ್ಡ ದೇಶಗಳಿಗೂ ಇದರಲ್ಲಿ ಲಾಭವಿದೆ ಎಂಬುದನ್ನು ಮರೆಯಬಾರದು. ನಮ್ಮ ಲಕ್ಷದ್ವೀಪವನ್ನೇ ನೋಡಿ. ಸುಮಾರು 32 ಚದರ ಕಿಲೋಮೀಟರ್ ನೆಲ, ಅದರ ಸುತ್ತ ಭಾರತಕ್ಕೆ ಸುಮಾರು 4 ಲಕ್ಷ ಚದರ ಕಿಲೋಮೀಟರ್ ಆರ್ಥಿಕ ವಲಯ. ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ನೆಲವೂ ತುವಾಲುವಿನ ಹಾಗೆ ಹವಳದ್ದೇ, ನೀರಿನಿಂದ ಹೆಚ್ಚು ಎತ್ತರದಲ್ಲಿಲ್ಲ. ತುವಾಲುವಿನ ಗೆರೆ ಅಲುಗಿದರೆ ನಮ್ಮ ಗೆರೆಯೂ ಅಲುಗೀತು.

ಪಕ್ಕದ ದೇಶದ ಜೊತೆ ಮಾತಾಡಿ ಬರೆದುಕೊಂಡ ಗಡಿ ಇದ್ದರೆ ಅದು ಇನ್ನೂ ಗಟ್ಟಿ. ಬಂಗಾಳ ಕೊಲ್ಲಿಯಲ್ಲಿ ಭಾರತ ಮತ್ತು ಬಾಂಗ್ಲಾದೇಶದ ನಡುವೆ ಒಂದು ಮರಳದಿಬ್ಬಕ್ಕಾಗಿ ವರ್ಷಗಟ್ಟಲೆ ಜಗಳವಿತ್ತು. ನಾವು ಅದನ್ನು ನ್ಯೂ ಮೂರ್ ಎಂದೆವು, ಅವರು ದಕ್ಷಿಣ ತಲಪಟ್ಟಿ ಎಂದರು. ಕೊನೆಗೆ ಅದು ನೀರಿನಡಿ ಹೋಯಿತು. ಆ ಕಡಲ ಗಡಿಯ ವ್ಯಾಜ್ಯದಲ್ಲಿ 2014ರಲ್ಲಿ ತೀರ್ಪು ಕೊಟ್ಟ ನ್ಯಾಯಮಂಡಳಿ, ಹವಾಮಾನ ಬದಲಾವಣೆಯ ಕಾರಣಕ್ಕೆ ಜಗತ್ತಿನ ಇತ್ಯರ್ಥವಾದ ಕಡಲ ಗಡಿಗಳನ್ನು ಅಲುಗಾಡಿಸಲಾಗದು ಎಂದು ಸ್ಪಷ್ಟವಾಗಿ ಬರೆಯಿತು. ಹಾಗಾಗಿ ನನ್ನ ಬಳಿ ಸಲಹೆ ಕೇಳುವ ಯಾವ ಚಿಕ್ಕ ದೇಶಕ್ಕೂ ನಾನು ಮೊದಲು ಹೇಳುವುದು ಒಂದೇ: ನೆರೆಯವರ ಜೊತೆ ಬಾಕಿ ಇರುವ ಗಡಿಗಳನ್ನು ಬೇಗ ಮುಗಿಸಿ, ಸಹಿ ಹಾಕಿಸಿ, ವಿಶ್ವಸಂಸ್ಥೆಗೆ ಒಪ್ಪಿಸಿ. ತುವಾಲು ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. 2012ರಲ್ಲೇ ಕಡಲ ವಲಯಗಳ ಕಾನೂನು ಮಾಡಿತು. 2023ರಲ್ಲಿ ಸಂವಿಧಾನವನ್ನೇ ತಿದ್ದಿ, ನೆಲಕ್ಕೆ ಏನೇ ಆದರೂ ದೇಶ ಎಂದೆಂದಿಗೂ ಇರುತ್ತದೆ ಎಂದು ಬರೆದುಕೊಂಡಿತು.

ಇನ್ನು ಮರಳು, ಕಾಂಕ್ರೀಟಿನ ವಿಷಯ. ಇದರಲ್ಲಿ ಒಂದು ಸೂಕ್ಷ್ಮವಿದೆ. ಇರುವ ದ್ವೀಪವನ್ನು ಕಾಪಾಡುವುದು ಬೇರೆ, ಇಲ್ಲದ ದ್ವೀಪವನ್ನು ಹುಟ್ಟಿಸುವುದು ಬೇರೆ. ಒಪ್ಪಂದದ ಪ್ರಕಾರ ದ್ವೀಪ ಎಂದರೆ ಪ್ರಕೃತಿಯೇ ಮಾಡಿದ ನೆಲ. ಕಡಲ ಮಧ್ಯೆ ಹೊಸದಾಗಿ ಕಟ್ಟಿದ ಕೃತಕ ದ್ವೀಪಕ್ಕೆ ಸ್ವಂತ ಸಮುದ್ರವೇ ಇಲ್ಲ, ಸುತ್ತ 500 ಮೀಟರ್ ಸುರಕ್ಷತಾ ವಲಯ ಮಾತ್ರ. ದಕ್ಷಿಣ ಚೀನಾ ಸಮುದ್ರದ ವ್ಯಾಜ್ಯದಲ್ಲಿ 2016ರಲ್ಲಿ ಬಂದ ತೀರ್ಪು ಇನ್ನೂ ಬಿಗಿ. ದಿಬ್ಬದ ಮೇಲೆ ಎಷ್ಟೇ ಕಟ್ಟಡ ಎಬ್ಬಿಸಿದರೂ, ಹೊರಗಿನಿಂದ ಎಷ್ಟೇ ಸಾಮಾನು ತಂದರೂ, ಅದರ ಸಹಜ ಸ್ಥಿತಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದಿತು ನ್ಯಾಯಮಂಡಳಿ. ಸಿಹಿನೀರಿನ ಬಾವಿ ಇದ್ದ ಇಟು ಅಬಾ ಎಂಬ ದ್ವೀಪವನ್ನೂ ಅದು ಬಂಡೆಯೆಂದೇ ಎಣಿಸಿತು.

ತುವಾಲು ಮಾಡುತ್ತಿರುವುದು ಮೊದಲ ಬಗೆಯದ್ದು. ಫುನಾಫುಟಿಯಲ್ಲಿ ಲಗೂನಿನ, ಅಂದರೆ ಹವಳದ ಉಂಗುರದ ಒಳಗಿನ ನೀರಿನ ಮರಳೆತ್ತಿ, ಇರುವ ದಡಕ್ಕೆ ಅಂಟಿಕೊಂಡಂತೆ ಸುಮಾರು 7 ಹೆಕ್ಟೇರ್ ಎತ್ತರದ ನೆಲ ಮಾಡಿದ್ದಾರೆ. ಅದು ಜನರ ಮನೆ, ಆಸ್ಪತ್ರೆ ಉಳಿಸುವ ಕೆಲಸ. ಕಾನೂನಿನ ಕಣ್ಣಿನಲ್ಲಿ ಅದಕ್ಕೆ ಯಾವ ತೊಂದರೆಯೂ ಇಲ್ಲ, ಮಾಡಲೇಬೇಕಾದದ್ದು. ತೊಂದರೆ ಇರುವುದು ದುಡ್ಡಿನದು, ಮರಳಿನದು. ಹವಳದಿಬ್ಬಕ್ಕೆ ಪೆಟ್ಟಾಗದ ಹಾಗೆ ಮರಳು ಎತ್ತುವುದು ಸುಲಭವಲ್ಲ. ಆ ದಿಬ್ಬವೇ ಅಲೆಯನ್ನು ತಡೆಯುವ ಗೋಡೆ ತಾನೇ? ಇದೇ ಸಾಲಿನಲ್ಲಿ ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಕಿರಿಬಾಟಿ ದೇಶ 2014ರಲ್ಲಿ ಫಿಜಿಯಲ್ಲಿ ಜಮೀನು ಕೊಂಡಿತು. "ಹಾಗೇ ಬೇರೆ ಕಡೆ ನೆಲ ಕೊಂಡರಾಯಿತು" ಎನ್ನುವವರಿದ್ದಾರೆ. ಆ ಜಮೀನಿಗೆ ಕಿರಿಬಾಟಿ ಮಾಲೀಕ, ಅಷ್ಟೇ. ಅಲ್ಲಿ ನಡೆಯುವ ಕಾನೂನು ಫಿಜಿಯದು. ಮೈಸೂರಿನಲ್ಲಿ ಸೈಟ್ ಕೊಂಡ ಮಾತ್ರಕ್ಕೆ ಅದು ಬೇರೆ ರಾಜ್ಯವಾಗುವುದಿಲ್ಲ, ಅಲ್ವಾ?

ತುವಾಲು ಇನ್ನೇನು ಮುಳುಗಿಯೇ ಬಿಟ್ಟಿತು ಎಂಬ ಚಿತ್ರವೂ ಪೂರ್ತಿ ಸರಿಯಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಳೆಯ ವೈಮಾನಿಕ ಚಿತ್ರಗಳನ್ನೂ ಉಪಗ್ರಹ ಚಿತ್ರಗಳನ್ನೂ ಹೋಲಿಸಿತು. 1971ರಿಂದ 2014ರ ನಡುವೆ ತುವಾಲುವಿನ ಒಟ್ಟು ನೆಲ 2.9% ಹೆಚ್ಚಿತ್ತು. ಅಲೆಗಳು ಹವಳದ ಪುಡಿಯನ್ನು ಒಂದು ಕಡೆ ಕೊರೆದು ಇನ್ನೊಂದು ಕಡೆ ತಂದು ಹಾಕುತ್ತವೆ. ಇದನ್ನು ಹಿಡಿದುಕೊಂಡು "ಹೆದರಬೇಕಾದ್ದೇನೂ ಇಲ್ಲ" ಎನ್ನುವವರಿದ್ದಾರೆ. ಅದೂ ತಪ್ಪು. ಕಳೆದ ಮೂವತ್ತು ವರ್ಷದಲ್ಲಿ ಅಲ್ಲಿ ಕಡಲು ಸುಮಾರು 15 ಸೆಂಟಿಮೀಟರ್ ಏರಿದೆ. ನೆಲದ ವಿಸ್ತಾರ ಉಳಿದರೂ ಅದರ ಎತ್ತರ ಉಳಿಯಬೇಕಲ್ಲ. ದೊಡ್ಡ ಉಬ್ಬರದ ದಿನ ನೀರು ನೆಲದ ಒಳಗಿನಿಂದಲೇ ಜಿನುಗಿ ಅಂಗಳಕ್ಕೆ ಬರುತ್ತದೆ. ಪುಲಕ ಎಂಬ ಗೆಡ್ಡೆ ಬೆಳೆಯುವ ಗುಂಡಿಗಳಿಗೆ ಉಪ್ಪು ಸೇರುತ್ತದೆ. ಕುಡಿಯುವ ನೀರಿಗೆ ಮಳೆಯೇ ಗತಿ. 2011ರ ಬರದಲ್ಲಿ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ದ್ವೀಪ ನಕ್ಷೆಯಿಂದ ಮಾಯವಾಗುವ ಬಹಳ ಮೊದಲೇ, ಅಲ್ಲಿ ಬದುಕುವುದು ಕಷ್ಟವಾಗಬಹುದು.

ನಾನು ಮೊದಲು ಹೇಳಿದ ಎರಡು ಅಪಾಯಗಳಲ್ಲಿ ಒಂದು ಇಲ್ಲಿದೆ. ಜನ ಪೂರ್ತಿ ಖಾಲಿಯಾದ ದ್ವೀಪ ಮುಂದೆ ದ್ವೀಪವಾಗಿಯೇ ಉಳಿಯುತ್ತದೋ, ಬಂಡೆಯಾಗುತ್ತದೋ? ಗಡಿ ಸ್ಥಿರ ಎಂದ ಮೇಲೆ ದ್ವೀಪದ ದರ್ಜೆಯೂ ಸ್ಥಿರ ಎಂದು ನಾನು ವಾದಿಸುತ್ತೇನೆ. ಆದರೆ ಇದಕ್ಕೆ ಇನ್ನೂ ಯಾವ ಕೋರ್ಟೂ ನೇರ ಉತ್ತರ ಕೊಟ್ಟಿಲ್ಲ. ಗೆಳತಿಯ ಅಪ್ಪ ಬೈಯುವುದರ ಹಿಂದೆ ಒಂದು ನಿಜವಿದೆ. ಅಲ್ಲಿ ಯಾರಾದರೂ ವಾಸ ಮಾಡುತ್ತಿರುವುದು, ಶಾಲೆ ನಡೆಯುವುದು, ದೋಣಿ ಇಳಿಸುವುದು, ಇವೆಲ್ಲ ಆ ದೇಶದ ಹಕ್ಕಿಗೆ ಬಲ ಕೊಡುತ್ತವೆ.

ಎರಡನೆಯ ಅಪಾಯ ಮೀನಿನದು. ಲೈಸೆನ್ಸ್ ದುಡ್ಡು ಹೇಗೆ ಬರುತ್ತದೆ ಎಂದು ನಿಮಗೂ ಕುತೂಹಲವಿರಬಹುದು. 1982ರ ನೌರು ಒಪ್ಪಂದದಲ್ಲಿ ಈಗ ತುವಾಲು ಸೇರಿದಂತೆ ಎಂಟು ದೇಶಗಳಿವೆ. ಮೊದಲು ವಿದೇಶಿ ಕಂಪನಿಗಳು ಒಂದೊಂದು ದೇಶವನ್ನೂ ಬೇರೆ ಬೇರೆ ಕೂರಿಸಿ ಚೌಕಾಸಿ ಮಾಡುತ್ತಿದ್ದವು. ಈ ಎಂಟು ದೇಶಗಳು ಒಟ್ಟಾಗಿ, ಮೀನು ಹಿಡಿಯುವ ಹಕ್ಕನ್ನು ದಿನದ ಲೆಕ್ಕದಲ್ಲಿ ಮಾರುವ ಪದ್ಧತಿ ತಂದವು. ಪರ್ಸೀನ್ ಹಡಗು ಇವರ ನೀರಿನಲ್ಲಿ ಒಂದು ದಿನ ಬಲೆ ಬಿಡಬೇಕಾದರೆ ಕನಿಷ್ಠ 8,000 ಅಮೆರಿಕನ್ ಡಾಲರ್ ದರ ಇಟ್ಟರು. ವರ್ಷಕ್ಕೆ ಇಷ್ಟೇ ದಿನ ಎಂಬ ಮಿತಿಯೂ ಇದೆ. ಮಲ್ಪೆಯ ಪರ್ಸೀನ್ ಬೋಟಿನ ಮುಂದೆ ಆ ಹಡಗುಗಳು ಆನೆಯಷ್ಟು, ಬಲೆ ಬಿಡುವ ವಿಧಾನ ಮಾತ್ರ ಅದೇ.

ಅವರು ಹಿಡಿಯುವುದು ಸ್ಕಿಪ್‌ಜಾಕ್ ಟ್ಯೂನಾ. ಅದು ಬೆಚ್ಚಗಿನ ನೀರನ್ನು ಹಿಂಬಾಲಿಸಿ ಓಡಾಡುವ ಮೀನು. ಪೆಸಿಫಿಕ್‌ನ ಬೆಚ್ಚಗಿನ ನೀರು ಪೂರ್ವಕ್ಕೆ ಹರಡುವ ಎಲ್ ನಿನೋ ವರ್ಷಗಳಲ್ಲಿ ಅದೂ ಪೂರ್ವಕ್ಕೆ ಸರಿಯುತ್ತದೆ. ಸಮುದ್ರ ಹೀಗೇ ಬಿಸಿಯಾಗುತ್ತ ಹೋದರೆ ಅದು ಕಾಯಂ ಆಗಿ ಪೂರ್ವಕ್ಕೆ, ತೆರೆದ ಸಮುದ್ರದ ಕಡೆಗೆ ಹೋಗಬಹುದು ಎಂದು ವಿಜ್ಞಾನಿಗಳು ಎಚ್ಚರಿಸುತ್ತಿದ್ದಾರೆ. ಗಡಿಯ ಗೆರೆಯನ್ನು ಕೋರ್ಟು ಕಾಯಬಹುದು. ಗೆರೆ ದಾಟಿ ಹೋದ ಮೀನನ್ನು ಯಾರು ತರುತ್ತಾರೆ? ನನ್ನನ್ನು ಕೇಳಿದರೆ ತುವಾಲುವಿನ ಖಜಾನೆಗೆ ಕಡಲ ಗಡಿಯ ವ್ಯಾಜ್ಯಕ್ಕಿಂತ ಇದೇ ಹತ್ತಿರದ ಅಪಾಯ. ಎಂಟು ದೇಶಗಳು ದಿನಗಳನ್ನು ತಮ್ಮೊಳಗೆ ಕೊಡುಕೊಳ್ಳುವ ವ್ಯವಸ್ಥೆ ಇಟ್ಟುಕೊಂಡಿರುವುದು ಸ್ವಲ್ಪ ಆಸರೆ. ತೆರೆದ ಸಮುದ್ರಕ್ಕೆ ಹೋದ ಮೀನಿನಲ್ಲೂ ತಮಗೆ ಪಾಲು ಬೇಕು ಎಂದು ಅವರು ಈಗಿನಿಂದಲೇ ಪಟ್ಟು ಹಿಡಿಯಬೇಕು.

ಹಡಗುಗಳು ಬಂದು ಬಾಚುವ ಮಾತಿಗೂ ಒಂದು ತಿದ್ದುಪಡಿ ಬೇಕು. ಆ ಭಾಗದಲ್ಲಿ ಕಳ್ಳತನದ ದೊಡ್ಡ ಪಾಲು ಲೈಸೆನ್ಸ್ ಇಲ್ಲದ ಹಡಗುಗಳದ್ದಲ್ಲ. ಲೈಸೆನ್ಸ್ ಇರುವ ಹಡಗುಗಳೇ ಹಿಡಿದ ಮೀನಿನ ಲೆಕ್ಕವನ್ನು ತಪ್ಪಾಗಿ ಬರೆಯುತ್ತವೆ. ಇದಕ್ಕೆ ಗಸ್ತು ಹಡಗಿಗಿಂತ, ಹಡಗಿನ ಮೇಲೆ ಕೂತು ಲೆಕ್ಕ ನೋಡುವ ವೀಕ್ಷಕರು, ಉಪಗ್ರಹದಿಂದ ಹಡಗನ್ನು ಹಿಂಬಾಲಿಸುವ ಯಂತ್ರ ಜಾಸ್ತಿ ಉಪಯೋಗಕ್ಕೆ ಬರುತ್ತವೆ. ಸಾಲೋಮನ್ ದ್ವೀಪಗಳ ಹೊನಿಯಾರಾದಲ್ಲಿರುವ ಫೋರಂ ಮೀನುಗಾರಿಕೆ ಸಂಸ್ಥೆ ಎಲ್ಲರ ಪರವಾಗಿ ಈ ಕಣ್ಗಾವಲು ಇಟ್ಟಿದೆ.

ಕೊನೆಗೆ ಗೆಳತಿಯ ತಮ್ಮನ ವಿಷಯ. ಆ ವೀಸಾ ಫಲೆಪಿಲಿ ಯೂನಿಯನ್ ಎಂಬ ಒಪ್ಪಂದದ ಭಾಗ. ತುವಾಲು ಮತ್ತು ಆಸ್ಟ್ರೇಲಿಯಾ 2023ರ ನವೆಂಬರ್‌ನಲ್ಲಿ ಸಹಿ ಹಾಕಿದವು, 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ವರ್ಷಕ್ಕೆ 280 ಜನರಿಗೆ ಅವಕಾಶ. 2025ರಲ್ಲಿ ಮೊದಲ ಸಲ ಹೆಸರು ಕರೆದಾಗ ಮಕ್ಕಳು-ಮರಿ ಸೇರಿ 8,000ಕ್ಕೂ ಹೆಚ್ಚು ಜನರ ಹೆಸರು ಬಂತು. ಎಲ್ಲರೂ ಹೊರಟು ನಿಂತಿದ್ದಾರೆ ಎಂದು ಅದನ್ನು ಓದಬಾರದು. ಬಾಗಿಲು ತೆರೆದಿರಲಿ ಎಂಬ ಆಸೆ ಯಾರಿಗಿಲ್ಲ? ಒಪ್ಪಂದದಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ಕಡಲೇರಿದರೂ ತುವಾಲು ಸಾರ್ವಭೌಮ ದೇಶವಾಗಿಯೇ ಮುಂದುವರಿಯುತ್ತದೆ ಎಂದು ಆಸ್ಟ್ರೇಲಿಯಾ ಬರೆದುಕೊಟ್ಟಿರುವ ಮಾತು. ಅದಕ್ಕೆ ತೆತ್ತ ಬೆಲೆಯೂ ಇದೆ. ಬೇರೆ ದೇಶಗಳ ಜೊತೆ ರಕ್ಷಣೆಯ ಒಪ್ಪಂದ ಮಾಡಿಕೊಳ್ಳುವ ಮೊದಲು ತುವಾಲು ಆಸ್ಟ್ರೇಲಿಯಾದ ಒಪ್ಪಿಗೆ ಪಡೆಯಬೇಕು. ಚಿಕ್ಕ ದೇಶಕ್ಕೆ ಇದು ಸಣ್ಣ ಮಾತಲ್ಲ. ತುವಾಲುವಿನಲ್ಲೇ ಇದನ್ನು ವಿರೋಧಿಸಿದವರಿದ್ದಾರೆ, ಅವರ ಆಕ್ಷೇಪವನ್ನು ನಾನು ಗೌರವಿಸುತ್ತೇನೆ.

ಆದರೆ ಆ ಹುಡುಗನ ಹೆಗಲ ಮೇಲೆ ದೇಶದ ಭಾರ ಹಾಕಬೇಡಿ ಎಂದು ಅಪ್ಪನಿಗೆ ಹೇಳಲು ತಿಳಿಸಿ. ಈ ವೀಸಾದಲ್ಲಿ ಸಿಗುವುದು ಕಾಯಂ ವಾಸದ ಹಕ್ಕು. ತುವಾಲುವಿನ ಪೌರತ್ವ ಬಿಡಬೇಕಿಲ್ಲ, ಹೋಗಿ ಬಂದು ಮಾಡಬಹುದು. ವರ್ಷಕ್ಕೆ 280 ಎಂಬ ಮಿತಿ ಇಟ್ಟಿರುವುದೂ ದ್ವೀಪ ಒಮ್ಮೆಗೇ ಖಾಲಿಯಾಗಬಾರದು ಎಂದೇ. ಅವನು ಹೆಸರು ಕೊಡಲಿ. ಸಿಕ್ಕಿದರೆ ಹೋಗಲಿ, ಕಲಿಯಲಿ, ಊರಿಗೆ ಬರುತ್ತಿರಲಿ. ಹೊರಡುವ ಮೊದಲು ಒಂದು ಕೆಲಸ ಮಾತ್ರ ಮಾಡಿಟ್ಟುಕೊಳ್ಳಲಿ. ಅಲ್ಲಿ ಹೆಚ್ಚಿನ ನೆಲ ಒಬ್ಬೊಬ್ಬರದ್ದಲ್ಲ, ಕುಟುಂಬಗಳದ್ದು. ಯಾವ ತೆಂಗಿನ ತೋಟ ಎಲ್ಲಿಯವರೆಗೆ, ಯಾರ್ಯಾರಿಗೆ ಪಾಲಿದೆ ಎನ್ನುವುದು ಎಷ್ಟೋ ಸಲ ಹಿರಿಯರ ತಲೆಯಲ್ಲಿ ಮಾತ್ರ ಇರುತ್ತದೆ. ಅಪ್ಪನ ಪಕ್ಕ ಕೂತು ಅದನ್ನೆಲ್ಲ ಬರೆಸಿಕೊಳ್ಳಲಿ, ಊರಿನ ಹಿರಿಯರಿಂದ ಸಹಿ ಹಾಕಿಸಿಕೊಳ್ಳಲಿ, ಒಂದು ಪ್ರತಿಯನ್ನು ಆಕ್ಲೆಂಡ್‌ನಲ್ಲಿರುವ ಅಕ್ಕನಿಗೆ ಕಳಿಸಲಿ.